ಐದಡಿ ಬಟ್ಟೆಯ ಮೇಲೆ ಕಸೂತಿ ಗೋಪುರ: ಕಡಿಮೆ ಖರ್ಚಿನಲ್ಲಿ ದೊಡ್ಡ ಗೋಡೆಚಿತ್ರ ಮಾಡುವ ಕ್ರಮ

ದೀಪಾವಳಿಯಿಂದ ಈಚೆಗೆ ಆರು ಜನ ತಾವು ಮನೆಯಲ್ಲೇ ಮಾಡಿದ ಗೋಡೆಚಿತ್ರದ ಫೋಟೊ ನನಗೆ ತೋರಿಸಿದ್ದಾರೆ. ಮೂವರು ಧಾರವಾಡದವರು, ಇಬ್ಬರು ಹುಬ್ಬಳ್ಳಿಯವರು, ಒಬ್ಬರು ಗದಗಿನವರು. ಆರೂ ಕೆಟ್ಟಿದ್ದವು. ಒಂದರ ಚೌಕಟ್ಟು ತಿರುಚಿಕೊಂಡು ಒಂದು ಮೂಲೆ ಗೋಡೆಯಿಂದ ಎರಡು ಇಂಚು ಮುಂದೆ ಬಂದಿತ್ತು. ಮೂರರಲ್ಲಿ ಬಟ್ಟೆ ಜೋಳಿಗೆಯ ಹಾಗೆ ಇಳಿಬಿದ್ದಿತ್ತು. ಉಳಿದ ಎರಡರಲ್ಲಿ ಬಟ್ಟೆ ಸರಿಯಾಗಿತ್ತು, ಆದರೆ ಚಿತ್ರ ಒಂದು ಕಡೆ ವಾಲಿತ್ತು.

ಬಣ್ಣ ಹಚ್ಚುವಾಗ ಯಾರೂ ತಪ್ಪಿರಲಿಲ್ಲ. ಬಣ್ಣದ ಡಬ್ಬಿ ತೆರೆಯುವ ಮೊದಲೇ ಕೆಲಸ ಕೆಟ್ಟಿತ್ತು. ಆದ್ದರಿಂದ ಇಲ್ಲಿ ಕಟ್ಟಿಗೆ ಮತ್ತು ಬಟ್ಟೆಯ ಬಗ್ಗೆ ಜಾಸ್ತಿ ಬರೆದಿದ್ದೇನೆ, ಬಣ್ಣದ ಬಗ್ಗೆ ಕಡಿಮೆ. ದಯವಿಟ್ಟು ಹಂತಗಳನ್ನು ಅದಲು ಬದಲು ಮಾಡಬೇಡಿ.

## ಏನು ಮಾಡುತ್ತೇವೆ

5 ಅಡಿ ಅಗಲ, 4 ಅಡಿ ಎತ್ತರದ ಬಟ್ಟೆಯ ಚಿತ್ರ. ಕಡುಗೆಂಪು ನೆಲದ ಮೇಲೆ ಕೆನೆಬಣ್ಣದ ಒಂದೇ ಒಂದು ಕಸೂತಿ ಗೋಪುರ. ಅದನ್ನು ಬ್ರಷ್‌ನಿಂದ ಬಿಡಿಸುವುದಿಲ್ಲ, ರಬ್ಬರ್ ಅಚ್ಚಿನಿಂದ ಹೊಲಿಗೆ ಹೊಲಿಗೆಯಾಗಿ ಒತ್ತುತ್ತೇವೆ.

ಕಸೂತಿಯನ್ನೇ ಯಾಕೆ ಆರಿಸಿದೆ ಅಂದರೆ, ಅದು ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ. ಪ್ರತಿ ಹೊಲಿಗೆಯೂ ಅಡ್ಡ, ಉದ್ದ ಅಥವಾ ಓರೆ, ಈ ಮೂರರಲ್ಲಿ ಒಂದು. ಹಾಗಾಗಿ ನಾಲ್ಕು ಎಳೆಯ ಹೊಲಿಗೆಯನ್ನು ಒಂದೂವರೆ ಇಂಚಿಗೆ ಹಿಗ್ಗಿಸಿದರೂ ಗೋಪುರ ಗೋಪುರವಾಗಿಯೇ ಉಳಿಯುತ್ತದೆ. ಚಿತ್ರ ಬಿಡಿಸಲು ಬರಬೇಕಾಗಿಲ್ಲ. ಎಣಿಸಲು ಬಂದರೆ ಸಾಕು. ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಹಾಕಿದವರಿಗೆ ಇದು ಇನ್ನೂ ಸುಲಭ.

ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತಿ ಅಂತ ನಾಲ್ಕು ಬಗೆ. ಅಚ್ಚಿಗೆ ಒಗ್ಗುವುದು ಮೊದಲ ಎರಡು ಮಾತ್ರ. ಗವಂತಿಯದು ನೇರ ಗೆರೆ, ಮುರ್ಗಿಯದು ಮೆಟ್ಟಿಲಿನ ಹಾಗೆ ಏರುವ ಗೆರೆ. ನೇಯ್ಗೆಯಲ್ಲಿ ಹೊಲಿಗೆಯ ಉದ್ದ ಬದಲಾಗುತ್ತಲೇ ಇರುತ್ತದೆ, ಮೆಂತಿಯಲ್ಲಿ ಒಂದರ ಮೇಲೊಂದು ಓರೆ ಗೆರೆ ಬೀಳುತ್ತದೆ. ಮೊದಲ ಸಲಕ್ಕೆ ಅವೆರಡನ್ನೂ ಬಿಡಿ.

## ಬೇಕಾಗುವ ಸಾಮಾನು

ಕಟ್ಟಿಗೆಗೆ: 2 ಇಂಚು ಅಗಲ, 1 ಇಂಚು ದಪ್ಪದ ರೀಪರ್ ಪಟ್ಟಿ 22 ಅಡಿ. ಅಂದರೆ 5 ಅಡಿಯದು ಎರಡು, 4 ಅಡಿಯದು ಮೂರು. ಅದರ ಮೇಲೆ ಬಡಿಯಲು ಅರ್ಧ ಇಂಚಿನ ಕಾಲು-ದುಂಡು (ಕ್ವಾರ್ಟರ್ ರೌಂಡ್) ಬೀಡಿಂಗ್ ಪಟ್ಟಿ 18 ಅಡಿ. ಮೂಲೆಗಳಿಗೆ ಪ್ಲೈವುಡ್ಡಿನ ನಾಲ್ಕು ತ್ರಿಕೋನ ತುಂಡು. ಫೆವಿಕಾಲ್, ಮೂಲೆಗಳಿಗೆ ಮುಕ್ಕಾಲು ಇಂಚಿನ ಸ್ಕ್ರೂ, ಬೀಡಿಂಗಿಗೆ ಸಣ್ಣ ಮೊಳೆ.

ಬಟ್ಟೆಗೆ: 60 ಇಂಚು ಪನ್ನದ (ಅಗಲದ) ಕೋರಾ (ಬಿಳುಪು ಮಾಡದ) ಹತ್ತಿ ಬಟ್ಟೆ 2 ಮೀಟರ್. ಸ್ಟೇಪಲ್ ಗನ್ ಮತ್ತು ಪಿನ್. ಗನ್ ಕೊಳ್ಳುವುದು ಬೇಡ ಅನಿಸಿದರೆ ಸೋಫಾ ರಿಪೇರಿ ಮಾಡುವವರ ಹತ್ತಿರ ಒಂದು ದಿನಕ್ಕೆ ಕೇಳಿ, ಕೊಡುತ್ತಾರೆ.

ಬಣ್ಣಕ್ಕೆ: ನೀರಿನಲ್ಲಿ ಕಲಸುವ ಗೋಡೆಯ ಪ್ರೈಮರ್ 1 ಲೀಟರ್, ಕಡುಗೆಂಪು ಎಮಲ್ಷನ್ ಅರ್ಧ ಲೀಟರ್, ಬಿಳಿ ಎಮಲ್ಷನ್ 200 ಮಿಲಿ, ಹಳದಿ ಸ್ಟೈನರಿನ (ಪೇಂಟಿಗೆ ಬೆರೆಸುವ ಗಾಢ ಬಣ್ಣದ) ಒಂದು ಸಣ್ಣ ಬಾಟಲಿ, 3 ಇಂಚಿನ ಬ್ರಷ್, ಪಾಲಿಶ್ ಪೇಪರ್.

ಅಚ್ಚಿಗೆ: ಹಳೆಯ ಹವಾಯಿ ಚಪ್ಪಲಿ ಒಂದು, ಕಟ್ಟಿಗೆಯ ಎರಡು ತುಂಡು, ಹೊಸ ಬ್ಲೇಡು, ಪಾತ್ರೆ ತೊಳೆಯುವ ಸ್ಪಂಜು, ಬಿಳಿ ಸೀಮೆಸುಣ್ಣ.

ನಾನು ಕೊನೆಯ ಸಲ ಮಾಡಿದಾಗ ಎಲ್ಲ ಸೇರಿ ಸುಮಾರು 1,500 ರೂಪಾಯಿ ಬಿತ್ತು. ಜಾಸ್ತಿ ಹೋದದ್ದು ಕಟ್ಟಿಗೆಗೆ. ಅಲ್ಲಿ ಉಳಿಸಲು ಹೋಗಬೇಡಿ, ಉಳಿಸುವುದಿದ್ದರೆ ಬಣ್ಣದಲ್ಲಿ ಉಳಿಸಿ.

ಬಟ್ಟೆಯ ಪನ್ನ ಕೊಳ್ಳುವ ಮೊದಲೇ ನೋಡಿ. ಹುಬ್ಬಳ್ಳಿಯ ದುರ್ಗದ ಬೈಲ್ ಕಡೆಯ ಬಟ್ಟೆ ಅಂಗಡಿಗಳಲ್ಲಿ ಕೋರಾ ಬಟ್ಟೆ ಕೇಳಿದರೆ ಮೊದಲು ಕೈಗೆ ಬರುವುದು 36 ಇಲ್ಲವೇ 44 ಇಂಚಿನದು. ಅದು ಈ ಅಳತೆಗೆ ಸಾಲುವುದಿಲ್ಲ. 4 ಅಡಿ ಅಂದರೆ 48 ಇಂಚು, ಹಿಂದಕ್ಕೆ ಮಡಚಲು ಎರಡೂ ಕಡೆ ಮೂರು ಮೂರು ಇಂಚು, ಒಟ್ಟು 54. ಒಗೆದಾಗ ಕೋರಾ ಬಟ್ಟೆ ಮೂರ್ನಾಲ್ಕು ಇಂಚು ಕುಗ್ಗುತ್ತದೆ. ಅದಕ್ಕೇ 60. 44 ಇಂಚಿನದೇ ಸಿಕ್ಕರೆ ಚಿತ್ರವನ್ನು 3 ಅಡಿ ಎತ್ತರಕ್ಕೆ ಇಳಿಸಿ. ಎರಡು ತುಂಡು ಸೇರಿಸಿ ಹೊಲಿಯಬೇಡಿ, ಹೊಲಿಗೆಯ ಏಣು ಬಣ್ಣದ ಮೇಲೂ ಎದ್ದು ಕಾಣುತ್ತದೆ.

ಖಾದಿ ಬಳಸಬಹುದಾ ಅಂತ ಕೆಲವರು ಕೇಳುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘವೇ ಹತ್ತಿರದಲ್ಲಿರುವಾಗ ಆಸೆಯಾಗುವುದು ಸಹಜ. ಆದರೆ ಕೈನೂಲಿನ ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇರುತ್ತದೆ. ಪ್ರೈಮರನ್ನು ಜಾಸ್ತಿ ಕುಡಿಯುತ್ತದೆ, ಅಚ್ಚೂ ಒಂದೇ ಸಮ ಬೀಳುವುದಿಲ್ಲ. ಕೈ ಕುದುರಿದ ಮೇಲೆ ಪ್ರಯತ್ನಿಸಿ.

## ಹಂತ 1: ಹಳೇ ಪೇಪರಿನಿಂದ ಅಳತೆ ನೋಡಿ

ಹಳೇ ದಿನಪತ್ರಿಕೆಗಳನ್ನು ಅಂಟಿಸಿ 5 ಅಡಿಗೆ 4 ಅಡಿಯ ಹಾಳೆ ಮಾಡಿ, ಚಿತ್ರ ಬರಬೇಕಾದ ಗೋಡೆಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಹೋಗುತ್ತಾ ಬರುತ್ತಾ ನೋಡಿ. ಸೋಫಾದ ಮೇಲೆ ಬರುವುದಾದರೆ ಚಿತ್ರದ ಅಗಲ ಸೋಫಾದ ಮೂರರಲ್ಲಿ ಎರಡು ಭಾಗ ಇದ್ದರೆ ಚೆನ್ನ. 7 ಅಡಿಯ ಸೋಫಾಕ್ಕೆ 5 ಅಡಿ ಒಪ್ಪುತ್ತದೆ. ಕೆಳ ಅಂಚು ಸೋಫಾದ ಬೆನ್ನಿನಿಂದ 6 ರಿಂದ 8 ಇಂಚು ಮೇಲಿರಲಿ. ತೀರಾ ಎತ್ತರದಲ್ಲಿ ಹಾಕಿದರೆ ಚಿತ್ರಕ್ಕೂ ಕುಳಿತವರಿಗೂ ಸಂಬಂಧವೇ ಇಲ್ಲದಂತೆ ಕಾಣುತ್ತದೆ.

ಇದೇ ಸಮಯದಲ್ಲಿ ಗೋಡೆಯ ಹಸಿಯನ್ನೂ ನೋಡಿಕೊಳ್ಳಿ. ಒಂದು ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಗೋಡೆಗೆ ಮುಚ್ಚಿ ಒಂದು ದಿನ ಬಿಡಿ. ಒಳಗಡೆ ನೀರಿನ ಹನಿ ಕಂಡರೆ ಆ ಗೋಡೆ ಬೇಡ. ಧಾರವಾಡದ ಮಳೆ ತಿಂದ ಹೊರಗೋಡೆಗಳಿಗೆ ಈ ತೊಂದರೆ ಜಾಸ್ತಿ. ಅಂಥಲ್ಲಿ ಒಳಗೋಡೆಯನ್ನೇ ಆರಿಸಿ.

ಮೆಟ್ಟಿಲು ಮತ್ತು ತಿರುವುಗಳನ್ನು ಅಳೆಯಿರಿ. ಮೇಲಿನ ಮನೆಯಾದರೆ ಕಟ್ಟಿಗೆಯನ್ನು ತುಂಡುಗಳಾಗಿಯೇ ಒಯ್ದು ಮೇಲೆ ಜೋಡಿಸಿ.

## ಹಂತ 2: ಕಟ್ಟಿಗೆ ಆರಿಸುವುದು

ಟಿಂಬರ್ ಅಂಗಡಿಯಲ್ಲಿ ಪೈನ್ ಅಥವಾ ಸಿಲ್ವರ್ ಓಕ್ ಕೇಳಿ. ಎರಡೂ ಹಗುರ, ಮೊಳೆ ಸುಲಭವಾಗಿ ಇಳಿಯುತ್ತದೆ. ಪ್ರತಿ ಪಟ್ಟಿಯನ್ನೂ ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ. ಬಿಲ್ಲಿನ ಹಾಗೆ ಬಾಗಿದ್ದರೆ ಅಥವಾ ತಿರುಚಿದ್ದರೆ ಬದಿಗಿಡಿ. ದೊಡ್ಡ ಗಂಟು ಇದ್ದದ್ದೂ ಬೇಡ. ಹತ್ತು ಪಟ್ಟಿ ನೋಡಿ ಐದು ಆರಿಸಲು ಸಂಕೋಚ ಬೇಡ, ಅಂಗಡಿಯವರಿಗೆ ಇದು ಹೊಸದಲ್ಲ.

ಆಮೇಲೆ ಕಟ್ಟಿಗೆಯನ್ನು ಕೆನ್ನೆಗೆ ಹಚ್ಚಿ ನೋಡಿ. ತಣ್ಣಗೆ, ಭಾರವಾಗಿ ಅನಿಸಿದರೆ ಇನ್ನೂ ಹಸಿ ಇದೆ. ನಾನು ಮೊದಲ ಸಲ ಹೋದಾಗ ಅಲ್ಲಿದ್ದ ಹಿರಿಯ ಬಡಿಗೇರರು ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡು, "ಅಕ್ಕಾರ, ಇದು ಇನ್ನೂ ಹಸಿ ಐತ್ರಿ. ಎಂಟ ದಿನ ಒಣಗಲಿ ಬಿಡ್ರಿ, ಇಲ್ಲಾಂದ್ರ ಹಪ್ಪಳಾಗ್ತದ" ಅಂದರು. ಅವರು ಹೇಳಿದ್ದೇ ನಿಜ. ಚೌಕಟ್ಟು ತಿರುಚಲು ಮೊದಲ ಕಾರಣ ಹಸಿ ಕಟ್ಟಿಗೆ. ಪಟ್ಟಿಗಳನ್ನು ಮಲಗಿಸಿ, ನಡುವೆ ಕಡ್ಡಿ ಇಟ್ಟು, ನೆರಳಲ್ಲಿ ಒಂದು ವಾರ ಒಣಗಿಸಿ. ಬಿಸಿಲಿಗೆ ಹಾಕಿದರೆ ಒಂದೇ ಮಗ್ಗುಲು ಒಣಗಿ ಬಾಗುತ್ತದೆ.

ಪಟ್ಟಿಗಳನ್ನು ಅಂಗಡಿಯ ಯಂತ್ರದಲ್ಲೇ ಅಳತೆಗೆ ಕೊಯ್ಸಿಕೊಳ್ಳಿ. ಎರಡು ಉದ್ದ ಪಟ್ಟಿಗಳನ್ನು ಒಟ್ಟಿಗೆ ಹಿಡಿದು ಕೊಯ್ದರೆ ಎರಡೂ ಒಂದೇ ಸಮ ಬರುತ್ತವೆ. ನಾಲ್ಕು ಮೂಲೆಗೂ ಅರ್ಧ ದಪ್ಪದ ಕಚ್ಚು ಹಾಕಿಸಿ, ಒಂದರಲ್ಲಿ ಒಂದು ಕೂರುವಂತೆ.

## ಹಂತ 3: ಚೌಕಟ್ಟು ಕೂಡಿಸುವುದು

ಸಮತಟ್ಟಾದ ನೆಲದ ಮೇಲೆ ಕೂಡಿಸಿ. ನೆಲದ ಹಂಚು ಏರುಪೇರಿದ್ದರೆ ಚೌಕಟ್ಟೂ ಹಾಗೇ ಬರುತ್ತದೆ.

ಮೂಲೆಯ ಕಚ್ಚಿಗೆ ಫೆವಿಕಾಲ್ ಹಚ್ಚಿ, ಕೂರಿಸಿ, ಒಂದು ಸ್ಕ್ರೂ ಮಾತ್ರ ಹಾಕಿ. ಎರಡನೆಯದು ಈಗಲೇ ಬೇಡ. ನಾಲ್ಕೂ ಮೂಲೆ ಹೀಗೆ ಸೇರಿದ ಮೇಲೆ ಅಳತೆ ಟೇಪು ಹಿಡಿದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆಯಿರಿ. 60ಕ್ಕೆ 48 ಇಂಚಿನ ಚೌಕಟ್ಟಾದರೆ ಸುಮಾರು 76 ಇಂಚು 7 ಸೂತ ಬರಬೇಕು. ಇನ್ನೊಂದು ಓರೆಯೂ ಅಷ್ಟೇ ಬರಬೇಕು. ಒಂದು ಸೂತ ಅಂದರೆ ಇಂಚಿನ ಎಂಟನೇ ಒಂದು ಭಾಗ. ಒಂದು ಸೂತದ ವ್ಯತ್ಯಾಸ ಪರವಾಗಿಲ್ಲ. ಜಾಸ್ತಿ ಇದ್ದರೆ ಉದ್ದ ಬಂದ ಓರೆಯ ಮೂಲೆಯನ್ನು ಒಳಕ್ಕೆ ತಳ್ಳಿ, ಮತ್ತೆ ಅಳೆಯಿರಿ. ಎರಡೂ ಸಮ ಬಂದಾಗ ಎರಡನೇ ಸ್ಕ್ರೂ ಹಾಕಿ, ಹಿಂದಿನಿಂದ ತ್ರಿಕೋನ ಪ್ಲೈ ಬಡಿಯಿರಿ. ಚಿತ್ರ ವಾಲಿದ್ದ ಆ ಇಬ್ಬರೂ ಬಿಟ್ಟದ್ದು ಇದೊಂದನ್ನೇ. ಚೌಕಟ್ಟೇ ಓರೆ ಇದ್ದಾಗ ಅದರ ಅಂಚಿನಿಂದ ಇಟ್ಟ ಚುಕ್ಕಿಗಳೆಲ್ಲ ಓರೆ ಬರುತ್ತವೆ.

ನಡುವಿನ ಅಡ್ಡಪಟ್ಟಿಯನ್ನು ಈಗ ಕೂರಿಸಿ. ಎರಡು ಉದ್ದ ಪಟ್ಟಿಗಳ ನಡುವೆ ಸರಿಯಾಗಿ ಕೂರುವಂತೆ ಅದನ್ನು ಕೊಯ್ದುಕೊಳ್ಳಿ. ಇದನ್ನು ಬಿಟ್ಟರೆ ಬಟ್ಟೆಯ ಎಳೆತಕ್ಕೆ 5 ಅಡಿಯ ಪಟ್ಟಿಗಳು ಮಧ್ಯದಲ್ಲಿ ಒಳಕ್ಕೆ ಬಾಗುತ್ತವೆ.

ಕೊನೆಗೆ ಬೀಡಿಂಗ್. ಬಹಳ ಜನ ಇದನ್ನು ಅಲಂಕಾರ ಅಂದುಕೊಂಡು ಬಿಡುತ್ತಾರೆ. ಇದರ ಕೆಲಸ ಬೇರೆ. ಬಟ್ಟೆ ರೀಪರ್ ಪಟ್ಟಿಗೆ ತಾಗಿದರೆ ಬಣ್ಣ ಹಚ್ಚುವಾಗ ಪಟ್ಟಿಯ ಒಳ ಅಂಚು ಬಟ್ಟೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಒಮ್ಮೆ ಮೂಡಿದ ಗೆರೆ ಹೋಗುವುದಿಲ್ಲ. ಬೀಡಿಂಗ್ ಪಟ್ಟಿಯನ್ನು ಚೌಕಟ್ಟಿನ ಮುಂಭಾಗದಲ್ಲಿ, ಹೊರ ಅಂಚಿಗೆ ಸಮವಾಗಿ ಬಡಿಯಿರಿ. ದುಂಡು ಮಗ್ಗುಲು ಒಳಗಡೆಗೆ ಇಳಿಯಬೇಕು. ಆಗ ಬಟ್ಟೆ ಹೊರಗಿನ ಅಂಚಿಗೆ ಮಾತ್ರ ತಾಗಿ, ಉಳಿದದ್ದೆಲ್ಲ ಅರ್ಧ ಇಂಚು ಮೇಲೆ ನಿಲ್ಲುತ್ತದೆ. ಆ ಅಂಚನ್ನು ಪಾಲಿಶ್ ಪೇಪರಿನಿಂದ ಮೆತ್ತಗೆ ಉಜ್ಜಿ, ಚೂಪಾಗಿದ್ದರೆ ಬಟ್ಟೆ ಹರಿಯುತ್ತದೆ.

ಒಂದು ರಾತ್ರಿ ಒಣಗಲು ಬಿಡಿ. ಬೆಳಿಗ್ಗೆ ಚೌಕಟ್ಟನ್ನು ನೆಲದ ಮೇಲಿಟ್ಟು ಒಂದೊಂದೇ ಮೂಲೆ ಒತ್ತಿ. ಟಕ್ ಟಕ್ ಅಂತ ಅಲ್ಲಾಡಿದರೆ ತಿರುಚಿದೆ ಎಂದು ಅರ್ಥ. ಆಗ ಸ್ಕ್ರೂ ಬಿಚ್ಚಿ ಸರಿಮಾಡಿ. ಬಟ್ಟೆ ಹಾಕಿದ ಮೇಲೆ ಸರಿ ಹೋಗುತ್ತದೆ ಅಂದುಕೊಳ್ಳಬೇಡಿ, ಬಟ್ಟೆ ಅದನ್ನು ಇನ್ನೂ ಎಳೆಯುತ್ತದೆ.

## ಹಂತ 4: ಬಟ್ಟೆ ಒಗೆದು ಬಿಗಿಯುವುದು

ಕೋರಾ ಬಟ್ಟೆಯಲ್ಲಿ ಮಗ್ಗದ ಗಂಜಿ ಇರುತ್ತದೆ. ಬಿಸಿನೀರಲ್ಲಿ ಸೋಪಿನ ಪುಡಿ ಹಾಕಿ ನೆನೆಸಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಇದನ್ನು ಬಿಟ್ಟರೆ ಎರಡು ತೊಂದರೆ. ಪ್ರೈಮರ್ ಅಲ್ಲಲ್ಲಿ ಹಿಡಿಯುವುದಿಲ್ಲ. ಜೊತೆಗೆ, ಒಗೆದಾಗ ಕುಗ್ಗಬೇಕಾದ ಬಟ್ಟೆ ಚೌಕಟ್ಟಿನ ಮೇಲೆ ಕುಗ್ಗಿ ಮೂಲೆಗಳನ್ನು ಎಳೆದುಬಿಡುತ್ತದೆ.

ಬಟ್ಟೆಯನ್ನು ನೆಲಕ್ಕೆ ಹಾಸಿ, ಚೌಕಟ್ಟನ್ನು ಬೀಡಿಂಗ್ ಕೆಳಗೆ ಬರುವಂತೆ ಅದರ ಮೇಲಿಡಿ. ಬಟ್ಟೆಯ ಎಳೆ ಕಟ್ಟಿಗೆಯ ಅಂಚಿಗೆ ಸಮಾನವಾಗಿ ಓಡುತ್ತಿದೆಯಾ ಅಂತ ಬಗ್ಗಿ ನೋಡಿ. ಎಳೆ ಓರೆಯಾದರೆ ಬಿಗಿ ಸಮನಾಗಿ ಬರುವುದೇ ಇಲ್ಲ.

ಪಿನ್ ಹೊಡೆಯುವ ಕ್ರಮ ಹೀಗೆ. ಒಂದು ಉದ್ದ ಪಟ್ಟಿಯ ನಟ್ಟನಡುವೆ ಮೂರು ಪಿನ್. ಎದುರಿನ ಪಟ್ಟಿಗೆ ಹೋಗಿ, ಬಟ್ಟೆಯನ್ನು ಹಿಡಿದೆಳೆದು, ನಡುವೆ ಮೂರು ಪಿನ್. ಆಮೇಲೆ ಎರಡು ಗಿಡ್ಡ ಪಟ್ಟಿಗಳ ನಡುವೆ ಹಾಗೇ. ಈಗ ಬಟ್ಟೆಯ ಮೇಲೆ ಕೂಡು ಚಿಹ್ನೆಯಂತೆ ಎರಡು ಎಳೆತ ಕಾಣಬೇಕು. ಇಲ್ಲಿಂದ ಪ್ರತಿ ಪಟ್ಟಿಯಲ್ಲೂ ನಡುವಿನಿಂದ ಮೂಲೆ ಕಡೆಗೆ ಎರಡೆರಡು ಪಿನ್ ಮುಂದುವರಿಯಿರಿ, ಎರಡು ಇಂಚಿಗೆ ಒಂದರಂತೆ. ಒಂದು ಕಡೆ ಎರಡು, ಎದುರು ಕಡೆ ಎರಡು, ಮತ್ತೆ ಪಕ್ಕಕ್ಕೆ. ಸುತ್ತು ಹೊಡೆಯುತ್ತಾ ಹೋಗಬೇಕು. ಒಂದು ಪಟ್ಟಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವುದೇ ಎಲ್ಲರೂ ಮಾಡುವ ತಪ್ಪು. ಬಟ್ಟೆ ಜೋಳಿಗೆಯಾದ ಮೂರೂ ಚಿತ್ರಗಳಲ್ಲಿ ಹೀಗೇ ಆಗಿತ್ತು.

ಮೂಲೆಯಲ್ಲಿ ಬಟ್ಟೆಯನ್ನು ಹಾಸಿಗೆಯ ಚಾದರ ಮಡಚಿದಂತೆ ಒಂದೇ ಮಡಿಕೆಯಾಗಿ ಒಳಸೇರಿಸಿ ಪಿನ್ ಹೊಡೆಯಿರಿ. ಅದನ್ನು ಕತ್ತರಿಸಬೇಡಿ.

ಮುಗಿದ ಮೇಲೆ ಬೆರಳಿನಿಂದ ಮೀಟಿ ನೋಡಿ. ಹಲಗೆ ವಾದ್ಯದ ಮೇಲೆ ತಟ್ಟಿದಂತೆ ಮಂದವಾದ ಸದ್ದು ಬರಬೇಕು. ಮೂಲೆಯಿಂದ ಓರೆಯಾಗಿ ಸುಕ್ಕು ಎದ್ದಿದ್ದರೆ ಆ ಮೂಲೆಯ ಐದಾರು ಪಿನ್ ಕಿತ್ತು ಮತ್ತೆ ಎಳೆಯಿರಿ. ಸುಕ್ಕನ್ನು ಬಣ್ಣ ಮುಚ್ಚುವುದಿಲ್ಲ.

## ಹಂತ 5: ಅಂಟುನೀರು, ಪ್ರೈಮರ್, ನೆಲಬಣ್ಣ

ಒಂದು ಭಾಗ ಫೆವಿಕಾಲಿಗೆ ಮೂರು ಭಾಗ ನೀರು ಕಲಸಿ, ಬಟ್ಟೆಗೆಲ್ಲ ತೆಳ್ಳಗೆ ಹಚ್ಚಿ. ಹಚ್ಚಿದ ತಕ್ಷಣ ಬಟ್ಟೆ ಸಡಿಲವಾದಂತೆ ಕಾಣಬಹುದು. ಗಾಬರಿ ಬೇಡ, ಒಣಗಿದಾಗ ಬಿಗಿಯುತ್ತದೆ. ಒಣಗುವಾಗ ಚೌಕಟ್ಟು ಮಲಗಿಯೇ ಇರಲಿ, ನಾಲ್ಕೂ ಮೂಲೆಗೆ ಒಂದೊಂದು ಇಟ್ಟಿಗೆ ಇಡಿ. ಗೋಡೆಗೆ ಒರಗಿಸಿದರೆ ಆ ಬಾಗು ಹಾಗೇ ಉಳಿದುಬಿಡುತ್ತದೆ.

ಮರುದಿನ ಪ್ರೈಮರ್ ಎರಡು ಕೋಟು, ಒಂದು ಅಡ್ಡ, ಇನ್ನೊಂದು ಉದ್ದ. ನಡುವೆ ನಾಲ್ಕು ಗಂಟೆ ಬಿಡಿ. ಮಳೆಗಾಲದಲ್ಲಾದರೆ ಒಂದು ದಿನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದಲ್ಲಿ ಈ ಕೆಲಸ ಹಿಡಿಯದಿರುವುದೇ ಒಳ್ಳೆಯದು. ಗದಗಿನ ಕಡೆ ಅಷ್ಟು ತೊಂದರೆಯಿಲ್ಲ. ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ಹಗುರವಾಗಿ ಉಜ್ಜಿ, ಧೂಳು ಒರೆಸಿ.

ನೆಲಬಣ್ಣದಲ್ಲಿ ಒಂದು ಎಚ್ಚರಿಕೆ. ಬಿಳಿ ಎಮಲ್ಷನ್ನಿಗೆ ಕೆಂಪು ಸ್ಟೈನರ್ ಸುರಿದು ಕಡುಗೆಂಪು ಮಾಡಲು ಹೋಗಬೇಡಿ. ಎಷ್ಟು ಹಾಕಿದರೂ ಗುಲಾಬಿಯೇ ಬರುತ್ತದೆ. ಸ್ಟೈನರ್ ಅತಿಯಾದರೆ ಬಣ್ಣ ಸರಿಯಾಗಿ ಒಣಗದೆ ಕೈಗೆ ಹತ್ತುತ್ತದೆ. ಗಾಢ ಬಣ್ಣವನ್ನು ಪೇಂಟ್ ಅಂಗಡಿಯ ಯಂತ್ರದಲ್ಲೇ ಕಲಸಿಸಿ. 1 ಲೀಟರಿಗಿಂತ ಕಡಿಮೆ ಕೊಡುವುದಿಲ್ಲ ಅಂದರೆ ಇಬ್ಬರು ಸೇರಿ ಕೊಳ್ಳಿ. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಕಸೂತಿ ಎಷ್ಟು ಚೆಂದ ಕಾಣುತ್ತದೆ ಅಲ್ವಾ, ಅದೇ ಕಪ್ಪು ಬೇಕು ಅನಿಸಬಹುದು. ಹುಬ್ಬಳ್ಳಿಯ ರಸ್ತೆ ಬದಿಯ ಮನೆಯಾದರೆ ಬೇಡ, ಎರಡೇ ದಿನದಲ್ಲಿ ಧೂಳು ಕಾಣುತ್ತದೆ.

ಎರಡು ಕೋಟು ಹಚ್ಚಿ, ಪಕ್ಕದ ಅಂಚುಗಳಿಗೂ ಹಚ್ಚಿ. ಕಿಟಕಿ ಮುಚ್ಚಿಡಿ. ಸುಮಾರು 100 ಮಿಲಿ ಬಣ್ಣವನ್ನು ಬಾಟಲಿಯಲ್ಲಿ ತೆಗೆದಿಡಿ, ಮುಂದೆ ತಪ್ಪು ತಿದ್ದಲು ಬೇಕು. ಚುಕ್ಕಿ ಇಡುವ ಮೊದಲು ಪೂರ್ತಿ ಒಂದು ದಿನ ಒಣಗಬೇಕು.

## ಹಂತ 6: ಎರಡು ಅಚ್ಚು ಮಾಡಿಕೊಳ್ಳುವುದು

ನಮ್ಮ ಒಂದು ಮನೆ, ಅಂದರೆ ಚುಕ್ಕಿಯಿಂದ ಚುಕ್ಕಿಗೆ ಇರುವ ದೂರ, ಒಂದೂವರೆ ಇಂಚು. ನೇರ ಹೊಲಿಗೆಗೆ ಒಂದೂಕಾಲು ಇಂಚು ಉದ್ದದ ಅಚ್ಚು ಬೇಕು, ಆಗ ಹೊಲಿಗೆಗೂ ಹೊಲಿಗೆಗೂ ನಡುವೆ ಕಾಲು ಇಂಚು ಬಿಡುವು ಉಳಿಯುತ್ತದೆ. ಆ ಬಿಡುವೇ ದೂರದಿಂದ ದಾರದ ಹೊಲಿಗೆಯಂತೆ ಕಾಣಿಸುವುದು.

ಓರೆ ಹೊಲಿಗೆಗೆ ಬೇರೆ ಅಚ್ಚು. ಒಂದು ಮನೆಯ ಮೂಲೆಯಿಂದ ಮೂಲೆಗೆ ಎರಡು ಇಂಚಿಗಿಂತ ಒಂದು ಸೂತ ಜಾಸ್ತಿ ಬರುತ್ತದೆ. ಆದ್ದರಿಂದ ಓರೆ ಅಚ್ಚು 1 ಇಂಚು 7 ಸೂತ ಇರಬೇಕು. ಒಂದೇ ಅಚ್ಚಿನಲ್ಲಿ ಎರಡನ್ನೂ ಒತ್ತಿದರೆ ನೇರ ಗೆರೆ ತುಂಬಿಕೊಂಡು, ಓರೆ ಗೆರೆ ಚದುರಿದಂತೆ ಕಾಣುತ್ತದೆ. ಏನೋ ಸರಿಯಿಲ್ಲ ಅನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. ಕಾರಣ ಇದೇ.

ಚಪ್ಪಲಿಯ ಹಿಮ್ಮಡಿ ಭಾಗದ ರಬ್ಬರನ್ನು ಹೊಸ ಬ್ಲೇಡಿನಿಂದ ಕಾಲು ಇಂಚು, ಅಂದರೆ ಎರಡು ಸೂತ ಅಗಲಕ್ಕೆ ಕೊಯ್ಯಿರಿ. ಸ್ಕೇಲು ಹಿಡಿದು, ಒಂದೇ ಎಳೆತಕ್ಕೆ ಪೂರ್ತಿ ಕೊಯ್ಯಲು ಹೋಗದೆ, ನಾಲ್ಕೈದು ಸಲ ಎಳೆಯಿರಿ. ಸವೆದ ಕಡೆ ಬೇಡ. ತುದಿಗಳನ್ನು ಸ್ವಲ್ಪ ದುಂಡಗೆ ಮಾಡಿದರೆ ದಾರದಂತೆಯೇ ಕಾಣುತ್ತದೆ. ಕಟ್ಟಿಗೆಯ ತುಂಡಿಗೆ ಅಂಟಿಸಿ, ಹಿಡಿಕೆಯ ಮೇಲೆ ಅಚ್ಚಿನ ಎರಡೂ ತುದಿಗೆ ಗುರುತು ಹಾಕಿ. ಒತ್ತುವಾಗ ರಬ್ಬರ್ ಕಾಣುವುದಿಲ್ಲ, ಗುರುತು ಮಾತ್ರ ಕಾಣುತ್ತದೆ.

## ಹಂತ 7: ಚುಕ್ಕಿ ಇಡುವುದು

ಒಂದು ಗಟ್ಟಿ ರಟ್ಟಿನ ಪಟ್ಟಿಗೆ ಒಂದೂವರೆ ಇಂಚಿಗೊಂದರಂತೆ ಕಚ್ಚು ಹಾಕಿ. ಅದನ್ನು ಹಿಡಿದು ಸೀಮೆಸುಣ್ಣದಿಂದ ಸಣ್ಣ ಚುಕ್ಕಿ ಇಡುತ್ತಾ ಹೋಗಿ. ಇಡೀ ಬಟ್ಟೆ ಅಡ್ಡಕ್ಕೆ 40 ಮನೆ, ಎತ್ತರಕ್ಕೆ 32 ಮನೆ ಆಗುತ್ತದೆ. ಮೊದಲು ನಡುಗೆರೆ. ಎಡದಿಂದ 30 ಇಂಚು ಅಳೆದು ಮೇಲೂ ಕೆಳಗೂ ಗುರುತು ಮಾಡಿ. ಅಲ್ಲಿಂದ ಎರಡೂ ಕಡೆಗೆ ಚುಕ್ಕಿ. ಎಡ ಅಂಚಿನಿಂದ ಶುರು ಮಾಡಿದರೆ ಸಣ್ಣ ತಪ್ಪುಗಳೆಲ್ಲ ಬಲಗಡೆ ಬಂದು ಸೇರುತ್ತವೆ.

ಪೆನ್ಸಿಲ್ ಬೇಡ, ಒರೆಸಿದರೂ ಹೊಳೆಯುತ್ತದೆ. ಗೆರೆಯೂ ಬೇಡ, ಚುಕ್ಕಿ ಸಾಕು. ಅಚ್ಚುಗಳ ನಡುವಿನ ಬಿಡುವಿನಲ್ಲೇ ಚುಕ್ಕಿ ಬೀಳುವುದರಿಂದ ಸುಣ್ಣದ ಪುಡಿ ಬಣ್ಣದ ಅಡಿ ಸಿಕ್ಕಿಕೊಳ್ಳುವುದಿಲ್ಲ.

## ಹಂತ 8: ಗೋಪುರ ಒತ್ತುವುದು

ಕೆಳ ಅಂಚಿನಿಂದ 5 ಮನೆ ಮೇಲಿನ ಸಾಲು ಗೋಪುರದ ಬುಡ. ಲೆಕ್ಕ ಹೀಗಿದೆ:

1. ಬುಡ: ನಡುಗೆರೆಯ ಎರಡೂ ಕಡೆ ಎರಡೆರಡು ಮನೆ ಬಾಗಿಲಿಗೆ ಬಿಡಿ. ಅಲ್ಲಿಂದ ಹೊರಕ್ಕೆ ಹತ್ತು ಹತ್ತು ಹೊಲಿಗೆ.
2. ಬಾಗಿಲು: ಎರಡೂ ಬದಿ ಮೂರು ಹೊಲಿಗೆ ಮೇಲಕ್ಕೆ, ಮೇಲೆ ನಾಲ್ಕು ಹೊಲಿಗೆ ಅಡ್ಡಕ್ಕೆ.
3. ಮೆಟ್ಟಿಲು: ಬುಡದ ಹೊರತುದಿಯಿಂದ ಎರಡು ಮೇಲಕ್ಕೆ, ಒಂದು ಒಳಕ್ಕೆ. ಹೀಗೆ ಹತ್ತು ಸಲ. ಎಡ, ಬಲ ಎರಡೂ ಕಡೆ.
4. ತಲೆ: ಮೇಲಿನ ಎರಡು ತುದಿ ಸೇರಿಸಲು ನಾಲ್ಕು ಹೊಲಿಗೆ.
5. ಅಂತಸ್ತು: ಬುಡದಿಂದ 4, 8, 12, 16ನೇ ಮನೆಯ ಎತ್ತರದಲ್ಲಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಅಡ್ಡಗೆರೆ. ಕ್ರಮವಾಗಿ 20, 16, 12, 8 ಹೊಲಿಗೆ.
6. ಕಳಸ: ತಲೆಯ ನಡುವಿನಿಂದ ನಾಲ್ಕು ಓರೆ ಹೊಲಿಗೆಯ ಒಂದು ವಜ್ರ.
7. ಒಳಗಿನ ವಜ್ರ: ಎರಡನೇ ಅಂತಸ್ತಿನಲ್ಲಿ ಐದು, ಮೂರನೆಯದರಲ್ಲಿ ಮೂರು, ನಾಲ್ಕನೆಯದರಲ್ಲಿ ಒಂದು. ಮೊದಲನೆಯದನ್ನು ನಡುಗೆರೆಯ ಮೇಲಿಟ್ಟು, ಉಳಿದವನ್ನು ಮೂರು ಮೂರು ಮನೆಗೊಂದರಂತೆ ಎರಡೂ ಕಡೆ ಇಡಿ.

ಒಟ್ಟು 150 ನೇರ ಹೊಲಿಗೆ, 40 ಓರೆ ಹೊಲಿಗೆ. ಗೋಪುರದ ಅಗಲ 36 ಇಂಚು, ಎತ್ತರ 33 ಇಂಚು ಬರುತ್ತದೆ.

ಮೊದಲು ಚೌಕುಳಿ ಕಾಗದದ ಮೇಲೆ ಒಮ್ಮೆ ಬಿಡಿಸಿಕೊಳ್ಳಿ. ಬಟ್ಟೆಯ ಮೇಲೆ ಒತ್ತುವಾಗ ಬಲಗಡೆ ಒಂದು, ಎಡಗಡೆ ಒಂದು ಅಂತ ಜೋಡಿಯಾಗಿಯೇ ಹೋಗಿ. ತಲೆಗೆ ಬಂದಾಗ ನಡುವೆ ಸರಿಯಾಗಿ ನಾಲ್ಕು ಮನೆ ಉಳಿಯಬೇಕು. ಮೂರೋ ಐದೋ ಉಳಿದರೆ ಎಲ್ಲೋ ಒಂದು ಮೆಟ್ಟಿಲು ತಪ್ಪಿದೆ. ಮುಂದೆ ಹೋಗದೆ ಕೆಳಗಿನಿಂದ ಎಣಿಸಿ.

ಬಣ್ಣ ಮೊಸರಿನಷ್ಟು ಗಟ್ಟಿ ಇರಲಿ, ಮಜ್ಜಿಗೆಯಂತೆ ಆದರೆ ಅಂಚು ಹರಡುತ್ತದೆ. ಬಿಳಿಗೆ ಹಳದಿ ಸ್ಟೈನರ್ ನಾಲ್ಕೈದು ಹನಿ ಸಾಕು. ಸ್ಪಂಜಿಗೆ ಬಣ್ಣ ಹಚ್ಚಿ, ಅಚ್ಚನ್ನು ಅದರ ಮೇಲೆ ತಟ್ಟಿ. ಬಣ್ಣದಲ್ಲಿ ಅದ್ದಬೇಡಿ. ಪ್ರತಿ ಹೊಲಿಗೆಗೂ ಹೊಸದಾಗಿ ತಟ್ಟಿಕೊಳ್ಳಿ. ಬಟ್ಟೆಯ ಮೇಲೆ ನೇರವಾಗಿ ಇಟ್ಟು, ಒತ್ತಿ, ನೇರವಾಗಿಯೇ ಎತ್ತಿ. ಜಾರಿಸಿದರೆ ಬಾಲ ಬರುತ್ತದೆ.

ಈಗ ಬಹಳ ಜನ ಕೇಳುವ ಪ್ರಶ್ನೆ. ಅಚ್ಚಿನ ತುದಿ ಮೂಡುತ್ತದೆ, ಮಧ್ಯ ಮೂಡುವುದಿಲ್ಲ, ಯಾಕೆ? ಬಟ್ಟೆಯ ಕೆಳಗೆ ಏನೂ ಇಲ್ಲದ್ದರಿಂದ. ಒತ್ತಿದ ಕಡೆ ಬಟ್ಟೆ ಕುಗ್ಗಿ ಕೆಳಗೆ ಹೋಗುತ್ತದೆ. ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ, ಬಟ್ಟೆಯ ಕೆಳಗೆ ಊಟದ ಮಣೆ ಸರಿಸಿ. ನೆಲಕ್ಕೂ ಬಟ್ಟೆಗೂ ನಡುವೆ ಸುಮಾರು ಒಂದೂವರೆ ಇಂಚು ಇರುತ್ತದೆ. ಮಣೆ ತಗ್ಗಾದರೆ ಮೇಲೆ ಮಡಚಿದ ಪೇಪರ್ ಇಟ್ಟು, ಬಟ್ಟೆಗೆ ತಾಗಿಯೂ ತಾಗದಂತೆ ಮಾಡಿ. ಕೆಲಸ ಮುಂದೆ ಹೋದಂತೆ ಒಬ್ಬರು ಚೌಕಟ್ಟು ಸ್ವಲ್ಪ ಎತ್ತಿ, ಇನ್ನೊಬ್ಬರು ಮಣೆ ಸರಿಸಬೇಕು. ನಮ್ಮ ಮನೆಯಲ್ಲಿ ಮಣೆ ಸರಿಸುವುದು ಅತ್ತೆಯವರ ಕೆಲಸ. ಹೊಲಿಗೆ ಎಣಿಸುವುದೂ ಅವರೇ, ನನಗಿಂತ ಬೇಗ ತಪ್ಪು ಹಿಡಿಯುತ್ತಾರೆ.

ತಪ್ಪು ಬಿದ್ದರೆ ತಕ್ಷಣ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಒಣಗಿಬಿಟ್ಟರೆ ಉಜ್ಜಬೇಡಿ, ತೆಗೆದಿಟ್ಟ ನೆಲಬಣ್ಣ ಹಚ್ಚಿ ಮುಚ್ಚಿ. ಒಂದು ಹೊಲಿಗೆ ಸ್ವಲ್ಪ ಮಸುಕು, ಇನ್ನೊಂದು ಗಾಢ ಬಂದರೆ ಹಾಗೇ ಬಿಡಿ. ಮತ್ತೊಮ್ಮೆ ಅದರ ಮೇಲೆ ಒತ್ತಿದರೆ ಎರಡು ಅಂಚು ಮೂಡುತ್ತದೆ.

ಮುಗಿದಾಗ ಎರಡೂ ಬದಿ ಖಾಲಿ ಕಾಣುತ್ತದೆ. ಅಲ್ಲಿ ಆನೆ, ನವಿಲು, ತುಳಸಿಕಟ್ಟೆ ಹಾಕೋಣ ಅನಿಸುತ್ತದೆ. ಬೇಡ. ಐದಡಿಯ ಚಿತ್ರವನ್ನು ಹತ್ತಡಿ ದೂರದಿಂದ ನೋಡುತ್ತೇವೆ. ಆ ಖಾಲಿ ಜಾಗವೇ ಗೋಪುರವನ್ನು ಎತ್ತಿ ಹಿಡಿಯುತ್ತದೆ. ಒಂದು ದಿನದ ನಂತರ ಒಣ ಬಟ್ಟೆಯಿಂದ ಚುಕ್ಕಿಗಳನ್ನು ಒರೆಸಿ.

## ಹಂತ 9: ಗೋಡೆಗೆ ಹಾಕುವುದು

ಇದರ ತೂಕ ಸುಮಾರು 5 ಕೆಜಿ. ಒಂದು ಮೊಳೆಗೆ ದಾರ ಕಟ್ಟಿ ತೂಗುಹಾಕಿದರೆ ಫ್ಯಾನಿನ ಗಾಳಿಗೇ ವಾಲುತ್ತದೆ. ಹಿಂಬದಿಯ ಎರಡು ಗಿಡ್ಡ ಪಟ್ಟಿಗಳಿಗೆ, ಮೇಲಿನಿಂದ 8 ಇಂಚು ಕೆಳಗೆ, ಒಂದೊಂದು ಕೊಂಡಿ ಹಾಕಿ. ಎರಡು ಸ್ಕ್ರೂಗೆ ನೇರವಾಗಿ ಸಿಕ್ಕಿಸಿ. ಕೆಳಗಿನ ಎರಡು ಮೂಲೆಯ ಹಿಂದೆ ಬಾಟಲಿಯ ಮುಚ್ಚಳ ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ.

ಇಟ್ಟಿಗೆ ಗೋಡೆಯಾದರೆ 6 ಮಿಲಿಮೀಟರ್ ತೂತು, ಪ್ಲಾಸ್ಟಿಕ್ ಗಿಟ್ಟಿ (ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ತುಂಡು), ಒಂದೂವರೆ ಇಂಚಿನ ಸ್ಕ್ರೂ. ಸ್ಕ್ರೂ ಗಿಲಾವು (ಪ್ಲಾಸ್ಟರ್) ದಾಟಿ ಇಟ್ಟಿಗೆಗೆ ಇಳಿಯಬೇಕು. ತೂತು ಹಾಕುವಾಗ ಬರೀ ಬಿಳಿ ಪುಡಿ ಉದುರಿ, ಕೆಂಪು ಬರದಿದ್ದರೆ ಇನ್ನೂ ಗಿಲಾವಿನಲ್ಲೇ ಇದ್ದೀರಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಎಂದೂ ತೂತು ಹಾಕಬೇಡಿ, ಅಲ್ಲಿ ವೈರು ಹೋಗಿರುತ್ತದೆ.

ಹಳೇ ಧಾರವಾಡದ ಮಣ್ಣಿನ ಗೋಡೆಯ ಮನೆಗಳಲ್ಲಿ ಗಿಟ್ಟಿ ನಿಲ್ಲುವುದಿಲ್ಲ, ಸ್ವಲ್ಪ ದಿನದಲ್ಲಿ ಮಣ್ಣಿನ ಸಮೇತ ಕಿತ್ತು ಬರುತ್ತದೆ. ಅಲ್ಲಿ ಮೇಲಿನ ತೊಲೆಗೆ ಎರಡು ಕೊಕ್ಕೆ ಹಾಕಿ, ಎರಡು ಸಮ ಉದ್ದದ ಹುರಿಯಿಂದ ಇಳಿಬಿಡಿ. ಬಾಡಿಗೆ ಮನೆಯಲ್ಲಿ ತೂತು ಹಾಕಲು ಒಪ್ಪದಿದ್ದರೆ ಉದ್ದ ಬೆಂಚಿನ ಮೇಲಿಟ್ಟು ಗೋಡೆಗೆ ಒರಗಿಸಿ. ಮಕ್ಕಳಿರುವ ಮನೆಯಲ್ಲಿ ಮಾತ್ರ ಹಾಗೆ ಮಾಡಬೇಡಿ.

## ಬಣ್ಣವೇ ಬೇಡ ಅನ್ನುವವರಿಗೆ

ಇದೇ ಚೌಕಟ್ಟಿನ ಮೇಲೆ ಅಜ್ಜಿಯ ಹಳೇ ಇಳಕಲ್ ಸೀರೆಯ ಸೆರಗನ್ನು ಬಿಗಿಯಬಹುದು. ಚೌಕಟ್ಟನ್ನು ಸೆರಗಿನ ಅಳತೆಗೆ ಇಳಿಸಿ. ಮೊದಲು ಕೋರಾ ಬಟ್ಟೆ ಬಿಗಿದು, ಅದರ ಮೇಲೆ ಸೆರಗು ಹಾಸಿ, ಎಳೆಯದೆ ಸುಮ್ನೆ ಸಮ ಮಾಡಿ ಪಿನ್ ಹೊಡೆಯಿರಿ. ಬಿಗಿಯನ್ನೆಲ್ಲ ಕೋರಾ ಬಟ್ಟೆಯೇ ಹೊರಬೇಕು. ಸೆರಗನ್ನು ಎಳೆದರೆ ಒಡಲಿಗೆ ಸೇರುವ ಕೊಂಡಿಯ ಹತ್ತಿರ ಸೀಳುತ್ತದೆ. ಅಂಟುನೀರು, ಪ್ರೈಮರ್ ಯಾವುದೂ ಮುಟ್ಟಿಸಬೇಡಿ. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಗೋಡೆಗೆ ಹಾಕಬೇಡಿ, ರೇಷ್ಮೆಯ ಬಣ್ಣ ಹಾರುತ್ತದೆ.

## ಮೊದಲ ಮಳೆಗಾಲ ಕಳೆದ ಮೇಲೆ

ಒಮ್ಮೆ ಚಿತ್ರವನ್ನು ಇಳಿಸಿ ಹಿಂಬದಿ ನೋಡಿ. ಬಟ್ಟೆಯ ಮೇಲೆ ಬೂದು ಚುಕ್ಕೆ ಕಂಡರೆ ಬೂಸ್ಟು ಹಿಡಿಯುತ್ತಿದೆ. ಬಿಸಿಲಿಗೆ ಬೆನ್ನು ಮಾಡಿ ಒಣಗಿಸಿ, ಒಣ ಬ್ರಷ್‌ನಿಂದ ಉಜ್ಜಿ, ಬೇರೆ ಗೋಡೆಗೆ ಹಾಕಿ. ಬಟ್ಟೆ ಸ್ವಲ್ಪ ಸಡಿಲವಾಗಿದ್ದರೆ ಪಿನ್ ಕೀಳುವ ಅವಸರ ಬೇಡ. ಹಿಂಬದಿಗೆ ಮಾತ್ರ ಸ್ಪ್ರೇ ಬಾಟಲಿಯಿಂದ ತೆಳ್ಳಗೆ ನೀರು ಸಿಂಪಡಿಸಿ, ಮಲಗಿಸಿ ಒಂದು ದಿನ ಬಿಡಿ. ಮರುದಿನ ಮೀಟಿ ನೋಡಿ. ಹಲಗೆಯ ಸದ್ದು ಬಂದರೆ ಮತ್ತೆ ಗೋಡೆಗೆ ಹಾಕಿ, ಬರದಿದ್ದರೆ ಆಗ ಹಂತ 4ರಂತೆ ನಡುವಿನಿಂದ ಮತ್ತೆ ಬಿಗಿಯಿರಿ.